ಬಾಲದಕ್ಷರದವರು

ಜೋಹ್ರೆಗೆ ಓದು ಬರಹ ಬರುವುದಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದಾಗಿತ್ತು. ಹೆಬ್ಬೆಟ್ಟು ಒತ್ತುವುದೊಂದು ಬಾಕಿ.

ಅವಳು ಬಗ್ಗಿ ಆ ಸಾಲನ್ನು ನೋಡಿದಳು. ಓದಲು ಬರಲಿಲ್ಲ. ಬಲದಿಂದ ಎಡಕ್ಕೆ ಹೋಗುವ ಹಳೆಯ ಅಕ್ಷರ ಅದು. ಜೋಹ್ರೆ ಶಾಲೆಯಲ್ಲಿ ಕಲಿತದ್ದು ಎಡದಿಂದ ಬಲಕ್ಕೆ ಹೋಗುವ ಹೊಸ ಅಕ್ಷರ. ಎರಡು ವರ್ಷದ ಹಿಂದೆ ಸರ್ಕಾರ ಹಳೆಯದನ್ನೇ ವಾಪಸ್ ತಂದಿತು. ಹೊಸದನ್ನು ಕಲಿತವರು ಏನು ಮಾಡಬೇಕು ಎಂದು ಯಾರೂ ಯೋಚಿಸಲಿಲ್ಲ.

"ಏನು ಬರೆದಿದೀರಿ ಇಲ್ಲಿ?" ಎಂದು ಕೇಳಿದಳು.

"ನಿಂಗೆ ಓದೋಕೆ ಬರಲ್ಲ ಅಂತ ಬರೆದಿದೆ," ಎಂದ ಕಾರ್ಖಾನೆಯ ಕಾರ್ಯದರ್ಶಿ ಸಿದೀಕ್. "ಬರೋ ಹಾಗಿದ್ರೆ ನೀನೇ ಓದ್ಕೋತಿದ್ದೆ."

ಬಾಗಿಲಲ್ಲಿ ಸಾಲು ನಿಂತ ಹೆಂಗಸರಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಅವರೂ ಹೆಬ್ಬೆಟ್ಟು ಒತ್ತಲು ಬಂದವರೇ. ಒಟ್ಟು ಇಪ್ಪತ್ಮೂರು ಜನ. ಎಲ್ಲರೂ ಜೋಹ್ರೆಯ ವಯಸ್ಸಿನವರು, ಎಲ್ಲರೂ ಐದಾರು ವರ್ಷ ಶಾಲೆಗೆ ಹೋದವರು. ನಿಜವಾಗಿಯೂ ಯಾವ ಅಕ್ಷರವೂ ಬಾರದ ಮುದುಕಿಯರ ಹೆಬ್ಬೆಟ್ಟು ಎಂದೋ ಬಿದ್ದಿತ್ತು. ಈಗ ಓದಿದವರ ಸರದಿ.

ಸಿದೀಕ್‌ನ ಪಕ್ಕದಲ್ಲಿ ಮೆತ್ನಿಯಾಜ್ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಹಳೆಯ ಅಕ್ಷರ ಕಲಿಸಲು ಕಾರ್ಖಾನೆ ಗೊತ್ತು ಮಾಡಿದ ಮೇಷ್ಟ್ರು ಅವನು. ಪರೀಕ್ಷೆ ಮಾಡಿದವನೂ ಅವನೇ, ರಿಜಿಸ್ಟರಿನಲ್ಲಿ ಆ ಸಾಲು ಬರೆದವನೂ ಅವನೇ. ಅವನು ಜೋಹ್ರೆಯ ಮುಖ ನೋಡಲಿಲ್ಲ. ಮಸಿ ಕುಡಿಕೆಯ ಮುಚ್ಚಳ ತಿರುಗಿಸುತ್ತ ಕೂತಿದ್ದ.

"ಬೇಗ ಆಗ್ಲಿ," ಎಂದ ಸಿದೀಕ್. "ಒತ್ತಿದವರಿಗೆ ರೇಷ್ಮೆಗೂಡು ಆರಿಸೋ ಕೊಠಡಿ. ಒಣ ಕೆಲಸ, ಕೂತು ಮಾಡೋದು. ಒತ್ತಲ್ಲ ಅಂದವರಿಗೆ ತೊಟ್ಟಿ. ಬಲವಂತ ಏನಿಲ್ಲ."

ತೊಟ್ಟಿ ಎಂದರೆ ಏನೆಂದು ರೇಷ್ಮೆ ಉಡುವವರಿಗೆ ಗೊತ್ತಿರುವುದಿಲ್ಲ. ಚೀನಾದ ಪಶ್ಚಿಮದ ಅಂಚಿನ ಊರು ಖೋತನ್‌ನ ಆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ಹೆಂಗಸರಿಗೆ ಮಾತ್ರ ಗೊತ್ತು. ಕೈ ಸುಡುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಎಂಟು ಗೂಡಿನ ಎಂಟು ಎಳೆ ಸೇರಿಸಿ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ಕೈ ಅದ್ದಬೇಕು. ಬೆಂದ ಹುಳುವಿನ ವಾಸನೆ ತಲೆಗೂದಲಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಜೋಹ್ರೆ ಹದಿನೈದಕ್ಕೆ ಸೇರಿದವಳು ಒಂಬತ್ತು ವರ್ಷ ಹಾಗೆ ಕೈ ಅದ್ದಿದಳು. ಬೆರಳ ಸಂದುಗಳು ಕೊಳೆತವು. ಎರಡು ಉಗುರು ಉದುರಿದವು. ಮಗಳಿಗೆ ಜಡೆ ಹಾಕುವಾಗ ಎದ್ದ ಚರ್ಮಕ್ಕೆ ಕೂದಲು ಸಿಕ್ಕಿಕೊಂಡು ಮಗು ಅಳುತ್ತಿತ್ತು. ಕೊನೆಗೆ ಡಾಕ್ಟರು ಚೀಟಿ ಬರೆದುಕೊಟ್ಟರು. ಅಕ್ಷರ ದುಂಡಾಗಿದೆ ಎಂದು ಅವಳನ್ನು ಮೂಟೆಗಳಿಗೆ ಚೀಟಿ ಬರೆಯುವ ಮೇಜಿಗೆ ಹಾಕಿದರು. ನಾಲ್ಕು ವರ್ಷ ಅವಳ ಕೈ ಒಣಗಿದ್ದವು. ಬದುಕಿನಲ್ಲಿ ಅವಳು ಕಂಡ ಸುಖ ಅಷ್ಟೇ.

ಅಕ್ಷರ ದುಂಡಾಗಿದ್ದದ್ದು ಪುಕ್ಕಟೆ ಅಲ್ಲ. ಹೊಸ ಅಕ್ಷರ ಎಂದರೆ ಇಂಗ್ಲಿಷಿನ ಎಬಿಸಿಡಿಯೇ. ಆದರೆ ಅಲ್ಲಿಯ ಜನರ ಉಯ್ಗುರ್ ಮಾತಿಗೆ ಅಷ್ಟು ಸಾಲದು. ಅದಕ್ಕೆ ಕೆಲವು ಅಕ್ಷರಕ್ಕೆ ಬಾಲ ಹಚ್ಚಿದರು. ಒಂದರ ಹೊಟ್ಟೆಗೆ ಪಟ್ಟಿ ಕಟ್ಟಿದರು. ಒಂದನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಜನ ಅವಕ್ಕೆ ಬಾಲದಕ್ಷರ ಎಂದರು. ಬಾಲ ಮರೆತ ಮಕ್ಕಳಿಗೆ ಬೆರಳ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು. ಒಂದು ಪದದಲ್ಲಿ ಬಾಲವಿಲ್ಲದಿದ್ದರೆ ಗಣಿ, ಬಾಲ ಬಂದರೆ ರಕ್ತ. ಆ ಎರಡನ್ನೂ ಪಕ್ಕಪಕ್ಕದಲ್ಲಿ ನೂರು ಸಲ ಬರೆಸುತ್ತಿದ್ದರು. ಜೋಹ್ರೆಯ ಹೆಸರಿನಲ್ಲಿ ಐದು ಅಕ್ಷರ. ಅದರಲ್ಲಿ ಒಂದಕ್ಕೆ ಪಟ್ಟಿ, ಒಂದಕ್ಕೆ ಬಾಲ, ಒಂದು ತಲೆಕೆಳಗು. ಗೆಣ್ಣು ಊದಿಸಿಕೊಂಡು ಒಂದು ವಾರ ಅತ್ತು ತನ್ನ ಹೆಸರು ಬರೆಯಲು ಕಲಿತಿದ್ದಳು.

ಅಷ್ಟೆಲ್ಲ ಕಲಿತದ್ದು ಒಂದು ಬೆಳಿಗ್ಗೆ ಮಣ್ಣುಪಾಲಾಯಿತು. ಕಾರ್ಖಾನೆಯ ಗೋಡೆಯ ಬರಹ ಬದಲಾಯಿತು. ಪತ್ರಿಕೆ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು. ಎರಡನೇ ಕ್ಲಾಸಿನ ಮಗಳು ನುರಿಮನ್ ಅಮ್ಮನ ಹಳೆಯ ನೋಟುಬುಕ್ಕು ತೆಗೆದು ನೋಡಿ, "ಅಮ್ಮಾ, ಇದು ಗಣಿತದ ಅಕ್ಷರ ಅಲ್ವಾ? ನೀನು ಶಾಲೇಲಿ ಬರೀ ಗಣಿತ ಮಾಡ್ತಿದ್ಯಾ?" ಎಂದಳು. ಅದೇ ಮಗುವಿಗೆ ಜ್ವರ ಬಂದಾಗ ಔಷಧದ ಸೀಸೆಯ ಮೇಲೆ ಎಷ್ಟು ಚಮಚ ಎಂದು ಬರೆದದ್ದನ್ನು ಜೋಹ್ರೆ ಮಗುವಿನಿಂದಲೇ ಓದಿಸಿದಳು. ಮೈ ಕೆಂಡದ ಹಾಗೆ ಸುಡುತ್ತಿದ್ದ ಮಗು ಕಣ್ಣು ತೆರೆದು, ಒಂದೊಂದೇ ಅಕ್ಷರ ಕೂಡಿಸಿ ಓದಿ, ಮತ್ತೆ ಕಣ್ಣು ಮುಚ್ಚಿತು. ಅವತ್ತು ಜೋಹ್ರೆಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಕಲಿಯಲಿಲ್ಲ ಎಂದಲ್ಲ. ಚಳಿಗಾಲದ ಮೂರು ತಿಂಗಳು ಕೆಲಸ ಬಿಟ್ಟ ಮೇಲೆ ಊಟದ ಕೋಣೆಯಲ್ಲಿ ಮೆತ್ನಿಯಾಜ್ ಪಾಠ ಹೇಳಿದ. ದಿನವಿಡೀ ದುಡಿದ ಹೆಂಗಸರು ಬೆಚ್ಚಗಿನ ಕೋಣೆಯಲ್ಲಿ ಕೂತರೆ ಆಗುವುದೇ ಆಯಿತು. ಎಲ್ಲರೂ ತೂಕಡಿಸಿದರು. ಹಳೆಯ ಅಕ್ಷರದ ಕಾಟ ಬೇರೆ. ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಒಂದು, ಒಂಟಿಯಾಗಿ ನಿಂತರೆ ಇನ್ನೊಂದು.

"ಥೇಟು ನಮ್ಮತ್ತೆ ಕಣೇ," ಎಂದು ಪಕ್ಕದಲ್ಲಿ ಕೂತ ಪಾತೆಮ್ ಪಿಸುಗುಟ್ಟಿದಳು. "ಮನೇಲೊಂದು ಮುಖ, ಬೀದೀಲೊಂದು ಮುಖ, ನನ್ನ ಗಂಡನ ಮುಂದೆ ಇನ್ನೊಂದು."

ಪಾತೆಮ್ ಜೋಹ್ರೆಯ ಜೊತೆಗೇ ಶಾಲೆಗೆ ಹೋದವಳು, ಜೊತೆಗೇ ತೊಟ್ಟಿಗೆ ಬಂದವಳು. ಇಬ್ಬರೂ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನಕ್ಕರು. ನಕ್ಕದ್ದರಿಂದ ಅವತ್ತು ಸ್ವಲ್ಪ ಎಚ್ಚರ ಇದ್ದರು.

ಮಾರ್ಚಿನಲ್ಲಿ ಒಂದು ಎಡವಟ್ಟಾಯಿತು. ಇನ್ನು ಚೀಟಿಯೆಲ್ಲ ಹಳೆಯ ಅಕ್ಷರದಲ್ಲೇ ಎಂದು ಅಪ್ಪಣೆಯಾಗಿತ್ತು. ಅಲ್ಲಿ ರೇಷ್ಮೆಗೂಡಿಗೆ ಪಿಲೆ ಅನ್ನುತ್ತಾರೆ. ಕನ್ನಡದ ಹಾಗೆ ಗುಣಿತವಿಲ್ಲ. ಪ್, ಇ, ಲ್, ಎ, ನಾಲ್ಕಕ್ಕೂ ಬೇರೆ ಬೇರೆ ಅಕ್ಷರ. ಜೋಹ್ರೆ ನಾಲ್ಕನ್ನೂ ಸರಿಯಾಗಿ ಕಲಿತಿದ್ದಳು. ನಲವತ್ತು ಮೂಟೆಗೆ ನಲವತ್ತು ಚೀಟಿ ನಿಧಾನಕ್ಕೆ, ತಪ್ಪಿಲ್ಲದೆ ಬರೆದಳು. ಆದರೆ ಕೈಗೆ ಹಳೆಯ ಅಭ್ಯಾಸ, ಅದು ಎಡದಿಂದ ಬಲಕ್ಕೆ ಹೋಗಿಬಿಟ್ಟಿತ್ತು. ಬಲದಿಂದ ಓದಿದವರಿಗೆ ಕಂಡದ್ದು ಎ, ಲ್, ಇ, ಪ್. ಎಲಿಪ್ ಎಂದರೆ ಹಳೆಯ ಅಕ್ಷರಮಾಲೆಯ ಮೊಟ್ಟಮೊದಲ ಅಕ್ಷರದ ಹೆಸರು. ನಲವತ್ತು ಮೂಟೆಯ ಮೇಲೂ ಅದೇ. ಎಲಿಪ್, ಎಲಿಪ್, ಎಲಿಪ್.

ಲಾರಿ ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಕ್ಕಾ, ಮೂಟೆ ತುಂಬ ಓನಾಮ ತುಂಬಿದೀರಾ?"

ಸಂಜೆಯೊಳಗೆ ಇಡೀ ಕಾರ್ಖಾನೆಗೆ ಅವಳು ಎಲಿಪ್ ಅಕ್ಕ ಆದಳು. ನೀರು ತುಂಬಲು ಹೋದರೆ ಎಲಿಪ್ ಅಕ್ಕ. ಊಟಕ್ಕೆ ಕೂತರೆ ಎಲಿಪ್ ಅಕ್ಕ. ಮೆತ್ನಿಯಾಜ್ ಒಬ್ಬನೇ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನಾಲ್ಕೂ ಅಕ್ಷರ ಸರಿ ಇವೆ. ದಿಕ್ಕು ತಪ್ಪಿದೆ ಅಷ್ಟೆ," ಎಂದ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಬಿದ್ದರೂ ಸಿದೀಕ್‌ಗೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಪಟ್ಟಿ. ಎಷ್ಟು ಅನಕ್ಷರಸ್ಥರು ಸಿಕ್ಕರು ಎಂದು ಮೇಲಿನವರು ಕೇಳಿದ್ದರು.

ಹಾಗಾಗಿ ಈಗ ಈ ರಿಜಿಸ್ಟರು, ಈ ಸಾಲು.

"ಒತ್ತಿ ಬಾರೇ," ಎಂದಳು ಪಾತೆಮ್ ಬಾಗಿಲಿನಿಂದ. ಅವಳದು ಆಗಲೇ ಮುಗಿದಿತ್ತು. ನೇರಳೆ ಮಸಿಯ ಬೆರಳನ್ನು ಲಂಗಕ್ಕೆ ಒರೆಸುತ್ತಿದ್ದಳು. "ನಾನು ಒತ್ತಲಿಲ್ವಾ? ಬೆರಳೇನು ಬಿದ್ದುಹೋಯ್ತಾ? ನಿನ್ನ ಕೈ ನೆನೆಸ್ಕೋ. ಒಣ ಕೆಲಸ ಕಣೇ."

ಜೋಹ್ರೆಗೆ ಸುಸ್ತಾಗಿತ್ತು. ಬೆಳಿಗ್ಗೆ ಚಹಾದಲ್ಲಿ ಅದ್ದಿ ತಿಂದ ಒಂದು ತುಂಡು ರೊಟ್ಟಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಒತ್ತಿ ಮನೆಗೆ ಹೋದರೆ ಸಾಕು ಅನ್ನಿಸಿತ್ತು. ಕೈ ಚಾಚಿದಳು. ಸಿದೀಕ್ ಮಸಿಯ ಡಬ್ಬಿ ಮುಂದಕ್ಕೆ ತಳ್ಳಿದ. ತಗಡಿನ ದುಂಡು ಡಬ್ಬಿ, ಒಳಗೆ ನೇರಳೆ ಬಟ್ಟೆ. ಅದನ್ನು ನೋಡಿದ್ದೇ ಅವಳ ಕೈ ನಿಂತುಹೋಯಿತು.

ಅಂಥದ್ದೇ ಡಬ್ಬಿ ಅವಳ ಕೈಯಲ್ಲಿ ಇತ್ತು, ಅವಳಿಗೆ ಹನ್ನೊಂದು ವರ್ಷ ಇದ್ದಾಗ. ಹೊಸ ಅಕ್ಷರ ಬಂದ ಹೊಸತು. ಹಳೆಯ ಅಕ್ಷರದ ಪುಸ್ತಕಗಳೆಲ್ಲ ಒಲೆಗೆ ಹೋಗಿದ್ದವು. ಬೀದಿಯ ಯುವಕರ ಮುಂದಾಳು ಶಾಲೆಗೆ ಬಂದು ಮಕ್ಕಳಿಗೆಲ್ಲ ಒಂದೊಂದು ಡಬ್ಬಿ, ಒಂದೊಂದು ಹಾಳೆ ಕೊಟ್ಟ. ಹೊಸ ಅಕ್ಷರ ಬಾರದ ದೊಡ್ಡವರ ಹೆಬ್ಬೆಟ್ಟು ತನ್ನಿ ಎಂದ. ಜೋಹ್ರೆಗೆ ಸಿಕ್ಕಿದ ಮೊದಲ ಮನೆ ಮೆತ್ನಿಯಾಜ್‌ನದು. ಬೀದಿಗೆಲ್ಲ ಕಾಗದ ಬರೆದುಕೊಡುತ್ತಿದ್ದ ಮನುಷ್ಯ ಅವನು. "ಮಗೂ, ನಂಗೆ ಓದೋಕೆ ಬರುತ್ತಲ್ಲ," ಎಂದಿದ್ದ. "ಅದು ಲೆಕ್ಕಕ್ಕಿಲ್ಲ ತಾತ. ಅದು ಈಗ ಅಕ್ಷರ ಅಲ್ಲ," ಎಂದು ಅವಳು ಶಾಲೆಯಲ್ಲಿ ಹೇಳಿಕೊಟ್ಟಂತೆ ಹೇಳಿದ್ದಳು. ಅವನ ದಪ್ಪ ಹೆಬ್ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮಸಿಗೆ ಒತ್ತಿ, ಹಾಳೆಗೆ ಒತ್ತಿದ್ದಳು. ಅಲ್ಲಿಂದ ಮುಂದೆ ಮೆತ್ನಿಯಾಜ್ ಅನಕ್ಷರಸ್ಥ. ಹದಿನೈದು ವರ್ಷ ಇದೇ ಕಾರ್ಖಾನೆಯ ಅಂಗಳ ಗುಡಿಸಿದ.

ಆ ಡಬ್ಬಿ ಹಂಚಿದ ಮುಂದಾಳು ಈ ಸಿದೀಕ್. ಆಗಲೂ ಇವನೇ, ಈಗಲೂ ಇವನೇ.

ಜೋಹ್ರೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಾನು ಒತ್ತಲ್ಲ."

"ಏನಂದೆ?"

"ಒತ್ತಲ್ಲ ಅಂದೆ. ಪೆನ್ನು ಕೊಡಿ, ಸಹಿ ಮಾಡ್ತೀನಿ."

ಕೊಡುವ ತನಕ ಅವಳು ಕಾಯಲಿಲ್ಲ. ಮೆತ್ನಿಯಾಜ್‌ನ ಮುಂದಿದ್ದ ಪೆನ್ನು ತೆಗೆದುಕೊಂಡು, ಕುಡಿಕೆಗೆ ಅದ್ದಿ, ಹೆಬ್ಬೆಟ್ಟಿನ ಚೌಕದಲ್ಲಿ ಬರೆದಳು. Zɵⱨrə. ಪಟ್ಟಿ ಕಟ್ಟಿದಳು, ಬಾಲ ಎಳೆದಳು, ಕೊನೆಯದನ್ನು ತಲೆಕೆಳಗು ನಿಲ್ಲಿಸಿದಳು. ಒಂದೂ ಮರೆಯಲಿಲ್ಲ.

ಸಿದೀಕ್ ಕೆಂಪು ಪೆನ್ನಿನಿಂದ ಅದರ ಮೇಲೆ ಗೀಟು ಎಳೆದ. ಒಂದು ಖಾಲಿ ಕಾಗದ ಕತ್ತರಿಸಿ ಚೌಕದ ಮೇಲೆ ಅಂಟಿಸಿದ. "ಇದು ಈಗ ಅಕ್ಷರ ಅಲ್ಲ. ಲೆಕ್ಕಕ್ಕಿಲ್ಲ."

"ಹಾಗಾದ್ರೆ ನೀವು ಬರೀರಿ ಸಿದೀಕಣ್ಣ."

"ಏನು?"

"ನಿಮ್ಮ ಹೆಸರು. ಹಳೇ ಅಕ್ಷರದಲ್ಲಿ. ನಾವೂ ನೋಡ್ತೀವಿ."

ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸಿದೀಕ್ ಓದಿದ್ದು ಚೀನೀ ಶಾಲೆಯಲ್ಲಿ. ತನ್ನ ಮನೆಮಾತು ಬರೆಯಲು ಅವನೂ ಕಲಿತದ್ದು ಬಾಲದಕ್ಷರವೇ. ಅವನ ಹೆಸರಿನ ಕೊನೆಯ ಅಕ್ಷರಕ್ಕೂ ಬಾಲವಿತ್ತು. ಅವನನ್ನು ಯಾರೂ ಮೂರು ತಿಂಗಳು ಊಟದ ಕೋಣೆಯಲ್ಲಿ ಕೂರಿಸಲಿಲ್ಲ. ಪಟ್ಟಣದಿಂದ ಅವನಿಗೊಂದು ಮರದ ಮೊಹರು ಕೆತ್ತಿಸಿ ತಂದುಕೊಟ್ಟರು. ಹೆಸರು ಬರೆಯಬೇಕಾದಲ್ಲೆಲ್ಲ ಅದನ್ನು ಒತ್ತುತ್ತಿದ್ದ.

"ನಂಗೆ ಮೊಹರಿದೆ," ಎಂದ ಸಿದೀಕ್.

"ಮೊಹರು ಒತ್ತೋದೂ ಒತ್ತೋದೇ ಅಲ್ವಾ? ನಿಮ್ಮ ಹೆಬ್ಬೆಟ್ಟು ಮರದ್ದು, ನಮ್ಮದು ಮಾಂಸದ್ದು. ಇನ್ನೇನು ವ್ಯತ್ಯಾಸ?"

ಸಾಲಿನಲ್ಲಿ ಯಾರೋ ನಕ್ಕರು, ನಕ್ಕು ಕೆಮ್ಮಿದರು. ಸಿದೀಕ್‌ನ ಕಿವಿ ಕೆಂಪಾದವು.

"ನಾಳೆಯಿಂದ ತೊಟ್ಟಿಗೆ ಹೋಗು," ಎಂದ. ಮುದುಕನ ಕಡೆ ತಿರುಗಿದ. "ಬರೀರಿ. ಈ ಹೆಂಗಸು ಮೊಂಡು, ಕಲಿಯೋ ಮನಸ್ಸಿಲ್ಲ ಅಂತ ಬರೀರಿ."

ಮೆತ್ನಿಯಾಜ್ ಪೆನ್ನು ಅದ್ದಿ ಬರೆದ. ಬಲದಿಂದ ಎಡಕ್ಕೆ, ಹೇಳಿದಷ್ಟೂ ಬರೆದ. ಜೋಹ್ರೆ ನಿಂತು ನೋಡಿದಳು. ಓದಲು ಬರದಿದ್ದರೂ ಸಾಲು ಎಷ್ಟು ಉದ್ದ ಹೋಯಿತು ಎಂದು ಕಾಣುತ್ತದಲ್ಲ.

ಅವಳ ಹಿಂದೆ ನಿಂತವರೆಲ್ಲ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಅವರನ್ನು ಬೈಯಬೇಡಿ. ಬೈಯುವ ಮುಂಚೆ ಒಂದು ದಿನ ಆ ನೀರಿನಲ್ಲಿ ಕೈ ಇಟ್ಟು ನೋಡಿ.

ಕಾರ್ಖಾನೆಯ ಹೊರಗೆ ಗಾಳಿಗೆ ಧೂಳೆದ್ದಿತ್ತು. ಪಾಪ್ಲರ್ ಮರದ ಸಾಲಿನ ಕೆಳಗೆ ಮೆತ್ನಿಯಾಜ್ ಅವಳಿಗಾಗಿ ಕಾದು ನಿಂತಿದ್ದ. ಟೋಪಿ ಹಾರಿಹೋಗದ ಹಾಗೆ ಕೈಯಿಂದ ಒತ್ತಿಕೊಂಡಿದ್ದ. ಜೋಹ್ರೆ ಅವನನ್ನು ದಾಟಿಕೊಂಡು ಹೋದಳು. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದಳು.

"ಎಷ್ಟು ಚೆನ್ನಾಗಿ ಬರೆದ್ರಿ ತಾತ. ಒಂದು ಚುಕ್ಕೇನೂ ಬಿಡಲಿಲ್ಲ."

"ಬೈಯಮ್ಮ, ಬೈದುಬಿಡು."

"ನನ್ನ ನಾಲ್ಕು ಅಕ್ಷರ ಸರಿ ಇತ್ತು ಅಂತ ನಿಮಗೆ ಗೊತ್ತಿತ್ತು. ಅಲ್ಲಿ ಒಂದು ಮಾತು ಹೇಳ್ಬಹುದಿತ್ತು."

"ಗೊತ್ತಿತ್ತು. ಈ ಕೆಲಸ ಹೋದ್ರೆ ಮತ್ತೆ ಕೈಗೆ ಪೊರಕೆ ಬರುತ್ತೆ ಮಗಳೇ. ನನ್ನ ಸೊಂಟ ಹಿಡಿದುಹೋಗಿದೆ. ಇನ್ನು ಬಗ್ಗೋಕಾಗಲ್ಲ." ಅವನು ಸುಳ್ಳು ಹೇಳಲಿಲ್ಲ, ಚೆಂದ ಮಾಡಿಯೂ ಹೇಳಲಿಲ್ಲ.

ಜೋಹ್ರೆ ಹದಿನೇಳು ವರ್ಷ ಕೇಳದೆ ಉಳಿದದ್ದನ್ನು ಕೇಳಿದಳು. "ಅವತ್ತು ನಾನು ಬಂದಾಗ ನೀವು ಯಾಕೆ ಒತ್ತಿದ್ರಿ? ಆಗಲ್ಲ ಅನ್ನಬಹುದಿತ್ತಲ್ಲ? ನಿಮಗೆ ಓದೋಕೆ ಬರ್ತಿತ್ತಲ್ಲ?"

"ಯಾರಿಗೆ ಅನ್ನಲಿ? ಎದುರಿಗೆ ನೀನು ಕೂತಿದ್ದೆ. ಕೋರೆಹಲ್ಲು ಅರ್ಧ ಬೆಳೆದಿತ್ತು. ಹಾಳೆ ಖಾಲಿ ತಗೊಂಡು ಹೋದ್ರೆ ಶಾಲೇಲಿ ನಿಂಗೆ ಹೊಡೀತಿದ್ರು." ಮುದುಕ ಧೂಳಿಗೆ ಕಣ್ಣು ಒರೆಸಿಕೊಂಡ. "ಅದಕ್ಕೇ ಮಕ್ಕಳನ್ನ ಕಳಿಸಿದ್ದು ಅವರು."

ಇಬ್ಬರೂ ಗಾಳಿಗೆ ಬೆನ್ನು ಹಾಕಿ ಬಸ್ ಸ್ಟ್ಯಾಂಡಿನ ತನಕ ನಡೆದರು. ಬಂದ ಬಸ್ಸಿನ ಬೋರ್ಡನ್ನು ಮೆತ್ನಿಯಾಜ್ ಓದಿ ಹೇಳಿದ, ಅವಳು ಹತ್ತಿದಳು.

ಮರುದಿನದಿಂದ ತೊಟ್ಟಿ. ಮೊದಲ ವಾರಕ್ಕೇ ಬೆರಳ ತುದಿ ಬೆಳ್ಳಗೆ ಉಬ್ಬಿದವು. ಎರಡನೇ ವಾರಕ್ಕೆ ಸುಲಿದವು. ಆರಿಸುವ ಕೊಠಡಿಯಿಂದ ಪಾತೆಮ್ ಮಧ್ಯಾಹ್ನ ಕುರಿಕೊಬ್ಬು ತಂದು ಅವಳ ಬೆರಳಿಗೆ ಹಚ್ಚುತ್ತಿದ್ದಳು. "ಹುಚ್ಚಿ, ಹುಚ್ಚಿ," ಎಂದು ಬೈಯುತ್ತ ಹಚ್ಚುತ್ತಿದ್ದಳು. ಬಿಸಿನೀರಿಗೆ ಕೊಬ್ಬು ಕರಗಿ ತೇಲಿ ಎಳೆಗೆ ಅಂಟಿದರೆ ಮೇಸ್ತ್ರಿಯ ಬೈಗುಳ ಬೇರೆ. ಜೋಹ್ರೆ ಯಾರಿಗೂ ಎದುರು ಮಾತಾಡುತ್ತಿರಲಿಲ್ಲ. ಅವಳಲ್ಲಿ ಒಂದು ಸಲ ಇಲ್ಲ ಅನ್ನುವಷ್ಟು ಕಸುವಿತ್ತು. ಅದನ್ನು ಅವತ್ತೇ ಖರ್ಚು ಮಾಡಿದ್ದಳು.

ಮೂರನೇ ವಾರ ಸಿದೀಕ್ ತಾನೇ ತೊಟ್ಟಿಯ ಹತ್ತಿರ ಬಂದ. ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಡಬ್ಬಿ. ಹಬೆಗೆ ಕನ್ನಡಕ ಮಂಜಾಗಿತ್ತು.

"ನೋಡಮ್ಮ, ಪಟ್ಟಿ ಮೇಲಕ್ಕೆ ಹೋಗ್ಬೇಕು. ಇಪ್ಪತ್ಮೂರು ಹೆಸರು, ಇಪ್ಪತ್ತೆರಡು ಹೆಬ್ಬೆಟ್ಟು. ಒಂದು ಕಡಿಮೆ ಇದೆ ಅಂತ ಎರಡು ಸಲ ವಾಪಸ್ ಕಳಿಸಿದಾರೆ. ಹಟ ಸಾಕು. ಒತ್ತಿಬಿಡು, ಈ ಕ್ಷಣದಿಂದ ಆರಿಸೋ ಕೊಠಡಿ. ಹಳೇದೆಲ್ಲ ಮರೆತುಬಿಡ್ತೀನಿ."

ಜೋಹ್ರೆ ತಲೆ ಎತ್ತಲಿಲ್ಲ. ಎಳೆ ಹುಡುಕುತ್ತಿದ್ದಳು. ಅವನು ಕಾದ. ಆಮೇಲೆ ಬಗ್ಗಿ ಅವಳ ಬಲಗೈಯನ್ನು ನೀರಿನಿಂದ ಎತ್ತಿದ. ಎಳೆದುಕೊಳ್ಳುವಷ್ಟು ಶಕ್ತಿ ಆ ಕೈಯಲ್ಲಿ ಇರಲಿಲ್ಲ. ತನ್ನ ಕರ್ಚೀಫಿನಿಂದಲೇ ಅವಳ ಹೆಬ್ಬೆರಳು ಒರೆಸಿ, ಮಸಿಗೆ ಒತ್ತಿ, ಚೌಕದಲ್ಲಿ ಒತ್ತಿದ.

ನೇರಳೆ ಮಚ್ಚೆಯೊಂದು ಬಿತ್ತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

ಇನ್ನೊಂದು ಕಾಗದದಲ್ಲಿ ಮತ್ತೆ ಒತ್ತಿದ. ಮಚ್ಚೆ. ಎಡಗೈಯ ಹೆಬ್ಬೆರಳು ಹಿಡಿದ. ಅದೂ ಮಚ್ಚೆ. ಅಕ್ಕಪಕ್ಕದ ತೊಟ್ಟಿಯ ಹೆಂಗಸರು ರಾಟೆ ನಿಲ್ಲಿಸಿ ನೋಡತೊಡಗಿದರು.

"ಗೆರೆ ಎಲ್ಲಿ?" ಎಂದ ಸಿದೀಕ್. ಅವನ ದನಿ ಇಳಿದುಹೋಗಿತ್ತು. "ಇದು ಬರೀ ಮಸಿ. ಇದನ್ನ ಯಾರೂ ಒಪ್ಪಲ್ಲ."

ಜೋಹ್ರೆ ತನ್ನ ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದಳು. ಕುದಿನೀರು ಎಲ್ಲ ತಿಂದು ಹಾಕಿತ್ತು. ಬದನೆಕಾಯಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

"ಇದು ಒತ್ತೋಕೆ ಬರಲ್ಲ ಸಿದೀಕಣ್ಣ," ಎಂದಳು. "ಬರೆಯೋಕೆ ಬರುತ್ತೆ. ಪೆನ್ನು ತಂದಿದೀರಾ?"